ಹೊಟ್ಟೆ ತುಂಬಿದೆ ಮ್ಯಾಡಮ್

ಸಮಾಜಶಾಸ್ತ್ರದ ಮೊದಲ ಪಾಠಗಳನ್ನು ಪುಸ್ತಕ ಹಿಡಿದು ಮಾಡಿದರೆ ನಮ್ಮ ದ್ವೀಪದ ನಾಗಾ ಊರಿನ ಮಕ್ಕಳು ಕಣ್ಣು ತೆರೆದುಕೊಂಡೇ ನಿದ್ದೆ ಮಾಡುತ್ತಾರೆ. ರೂಢಿ ಎಂದರೇನು ಎಂದು ಕೇಳಿ, ಗಿಳಿಪಾಠ ಒಪ್ಪಿಸುತ್ತಾರೆ. ತಲೆಗೆ ಒಂದಕ್ಷರವೂ ಹೋಗಿರುವುದಿಲ್ಲ. ಅದಕ್ಕೇ ಈ ಸಲ ಹೇಳಿದೆ: "ಯಾವುದಾದ್ರೂ ಒಂದು ರೂಢಿ ಮುರಿದು ಬನ್ನಿ. ಎದುರಿನವರು ಏನ್ಮಾಡ್ತಾರೆ ನೋಡಿ, ಬಂದು ಹೇಳಿ. ಚರ್ಚಲ್ಲಿ ಮಾತ್ರ ಬೇಡ."

ನನ್ನ ಕೆಲಸ ಖಾಯಂ ಆಗುವುದು ಆ ವಾರ ಡೀನ್ ಎವುಫೆಮಿಯಾ ಅವರ ರುಜುವಿನ ಮೇಲೆ ನಿಂತಿತ್ತು. ವರ್ಷ ವರ್ಷವೂ ತಾತ್ಕಾಲಿಕ ಎನ್ನಿಸಿಕೊಂಡು ನನಗೆ ಸಾಕುಸಾಕಾಗಿತ್ತು.

ಮರುದಿನ ಮಧ್ಯಾಹ್ನ ನನ್ನ ವಿದ್ಯಾರ್ಥಿನಿ ಲಿಗಾಯಾ ಹಲ್ಲು ಬಿಡುತ್ತ ಬಂದಳು.

"ಮುರಿದೆ ಮ್ಯಾಡಮ್! ಡೀನ್ ಮ್ಯಾಡಮ್ ಬಾಗಿಲು ತೆಗೆದಿಟ್ಟು ಊಟ ಮಾಡ್ತಿದ್ರು. 'ಬಾಮ್ಮ, ಊಟ ಮಾಡೋಣ' ಅಂದ್ರು. ಹೋಗಿ ಕೂತ್ಬಿಟ್ಟೆ."

"ಕೂತೆಯಾ?"

"ತಿಂದೆ ಕೂಡ."

ಉಣ್ಣುವವರು ಎದುರು ಹಾದುಹೋಗುವವರನ್ನೆಲ್ಲ ಊಟಕ್ಕೆ ಕರೆಯಬೇಕು, ಕರೆಸಿಕೊಂಡವರು ಹೊಟ್ಟೆ ತುಂಬಿದೆ ಎಂದು ಮುಂದೆ ನಡೆಯಬೇಕು. ನಮ್ಮಲ್ಲಿ ಆಗಷ್ಟೇ ಮಾತು ಬಂದ ಕೂಸೂ ಇದನ್ನು ಮೀರುವುದಿಲ್ಲ.

"ಅಯ್ಯೋ ದೇವರೇ! ಇಡೀ ಕಾಲೇಜಲ್ಲಿ ನಿಂಗೆ ಬೇರೆ ಯಾರೂ ಸಿಗಲಿಲ್ವೇನೇ?"

"ಎಲ್ಲಕ್ಕಿಂತ ರುಚಿಯಾದ ಮೀನಿನ ತಲೆ ನಂಗೇ ಕೊಟ್ರು ಮ್ಯಾಡಮ್."

"ಬಾಯ್ಮುಚ್ಚು."

ಮಾರನೆಯ ದಿನ ಊಟದ ಹೊತ್ತಿಗೇ ಡೀನ್ ಹೇಳಿಕಳಿಸಿದರು. ಹೋಗಿ ನಿಂತೆ. ಮೇಜಿನ ಮೇಲೆ ಊಟದ ಡಬ್ಬಿ, ಅದರಲ್ಲಿ ಅನ್ನ, ಒಣಮೀನು, ತೆಂಗಿನಹಾಲಲ್ಲಿ ಬೇಯಿಸಿದ ಕೆಸುವಿನೆಲೆ. ಪಕ್ಕದಲ್ಲಿ ನನ್ನ ಕೆಲಸ ಖಾಯಂ ಮಾಡುವ ಕಾಗದ.

"ಆ ಹುಡುಗಿ ನಿನ್ನ ಕ್ಲಾಸಿನವಳೇನಮ್ಮಾ?"

"ಹೌದು ಮ್ಯಾಡಮ್. ತಪ್ಪಾಯ್ತು. ರೂಢಿ ಮುರಿದು ಬನ್ನಿ ಅಂತ ಪಾಠಕ್ಕೆ ನಾನೇ ಹೇಳಿದ್ದೆ. ಅವಳನ್ನ ಬೈದಿದೀನಿ."

"ಬೈದ್ಯಾ? ಯಾಕೆ?" ಡೀನ್ ನೀರು ಕುಡಿದರು. "ಈ ಬಾಗಿಲ ಮುಂದೆ ಹೋಗೋರನ್ನೆಲ್ಲ ಕರೀತೀನಿ. ಎಲ್ಲರದೂ ಹೊಟ್ಟೆ ತುಂಬಿರತ್ತೆ. ನಮ್ಮ ಯಜಮಾನ್ರು ಹೋದ್ಮೇಲೆ ನನ್ನ ಜೊತೆ ಕೂತು ಉಂಡೋಳು ಅಂದ್ರೆ ಅವಳೊಬ್ಬಳೇ."

ನನಗೆ ಸಂಕಟವಾಯಿತು. ಆ ಬಾಗಿಲ ಮುಂದೆ ನಾನೂ ದಿನಾ ಓಡಾಡುವವಳೇ.

ಅವರು ಡಬ್ಬಿಯನ್ನು ನನ್ನ ಕಡೆ ಸರಿಸಿದರು. "ಬಾ, ಊಟ ಮಾಡೋಣ."

ಬೆಳಗಿನಿಂದ ನಾನು ಹೆದರಿಕೆಯಲ್ಲಿ ಏನೂ ತಿಂದಿರಲಿಲ್ಲ. ಕೆಸುವಿನ ಘಮಕ್ಕೆ ಬಾಯಲ್ಲಿ ನೀರೂರುತ್ತಿತ್ತು.

"ಹೊಟ್ಟೆ ತುಂಬಿದೆ ಮ್ಯಾಡಮ್," ಎಂದುಬಿಟ್ಟೆ.

ಡೀನ್ ಡಬ್ಬಿ ವಾಪಸ್ಸು ಎಳೆದುಕೊಂಡು, ಕಾಗದದಲ್ಲಿ ಏನನ್ನೋ ಹೊಡೆದುಹಾಕಿ, ರುಜು ಮಾಡಿದರು.

"ಅವಳಿಗೆ ಪೂರ್ತಿ ಮಾರ್ಕ್ಸ್ ಕೊಡು. ನೀನು ಇನ್ನೊಂದು ವರ್ಷ ತಾತ್ಕಾಲಿಕವಾಗೇ ಇರು. ಪಾಠ ಇನ್ನೂ ನಿಂಗೇ ತಲೆಗೆ ಹತ್ತಿಲ್ಲ."