ಆರು ತಿಂಗಳ ಪಶ್ಚಾತ್ತಾಪ

"ಅದು ಯಂತ್ರದ ಸದ್ದು ಕಣೆ, ಮುಂಡೆ. ನಿಮ್ಮಪ್ಪ ಗೋರಿಯಿಂದ ಎದ್ಬಂದು ಬಾಗಿಲು ಬಡೀತಿಲ್ಲ. ಕೈ ಆಡ್ಸು."

ಮ್ಯಾನೇಜರ್ ಪಿಕರಿಂಗ್ ಹಾಗೆಂದಾಗ ಡೆನೀಸ್ ಬ್ಲೆಂಕಿನ್ ಕೈ ಆಡಿಸಿದ್ದಳು. ಇಂಗ್ಲೆಂಡಿನ ಹಂಬರ್ ನದಿಯ ದಂಡೆಯ ಆ ಮೀನಿನ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷದಿಂದ ಅವಳು ಮಾಡಿದ್ದೂ ಅಷ್ಟೇ. ಹೊಟ್ಟೆ ಸೀಳು, ಮುಳ್ಳು ತೆಗೆ, ಮುಂದಕ್ಕೆ ತಳ್ಳು. ಅವತ್ತು ಬೆಳಿಗ್ಗೆ ಹತ್ತರ ಸುಮಾರಿಗೆ ಹಿಂದಿನ ಶೀತಲ ಕೋಣೆಯ ಕಡೆಯಿಂದ ಡಬ್ ಡಬ್ ಎಂದು ಕೇಳಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ, ಮೆತ್ತಗೆ. ಆಮೇಲೆ ಕೇಳಲಿಲ್ಲ.

ಊಟದ ಬಿಡುವಿನಲ್ಲಿ ಬಾಗಿಲು ತೆರೆದಾಗ ಯುರ್ಗಿತಾ ಹೊಸ್ತಿಲ ಬುಡದಲ್ಲೇ ಮಂಡಿ ಮಡಚಿ ಕೂತಿದ್ದಳು. ಲಿಥುವೇನಿಯಾದಿಂದ ಬಂದು ಅವರ ಸಾಲಿನಲ್ಲೇ ದುಡಿಯುತ್ತಿದ್ದ ಹುಡುಗಿ, ಇಪ್ಪತ್ಮೂರರ ಪ್ರಾಯ. ರೆಪ್ಪೆಗಳ ಮೇಲೆ ಹಿಮ ಕೂತಿತ್ತು. ಬಾಗಿಲಿನ ಒಳಗಿನ ಹಿಡಿ ಮುರಿದು ಆರು ವಾರವಾಗಿತ್ತು. ಹೆಂಗಸರು ಮೂರು ಸಲ ಹೇಳಿದ್ದರು. ಪಿಕರಿಂಗ್ ಮೂರು ಸಲವೂ "ನೋಡೋಣ" ಎಂದಿದ್ದ.

ಕಂಪನಿಗೆ ದಂಡ ಬಿತ್ತು. ಕಂಪನಿಯು ತೀವ್ರವಾಗಿ ಪಶ್ಚಾತ್ತಾಪಪಟ್ಟಿದೆ ಎಂದು ಅದರ ವಕೀಲ ಕಾಗದ ನೋಡಿಕೊಂಡು ಓದಿದ, ದಂಡ ಇಳಿಯಿತು. ಪಿಕರಿಂಗ್‌ನ ಮೇಲೆ ಕೇಸೇ ಆಗಲಿಲ್ಲ.

ಡೆನೀಸಳಿಗೆ ಮಾತ್ರ ಆ ಸದ್ದು ಬಿಡಲಿಲ್ಲ. ಪಕ್ಕದ ಮನೆಯವನು ಗೋಡೆಗೆ ಮೊಳೆ ಹೊಡೆದರೆ ಅದೇ, ಕೆಟಲಿನ ಮುಚ್ಚಳ ಕುಣಿದರೆ ಅದೇ. ಬಸ್ಸಿನಲ್ಲಿ ಯಾರೋ ಕಿಟಕಿಗೆ ಬೆರಳು ತಟ್ಟಿದ್ದಕ್ಕೆ ಅವಳು ಎದ್ದು ಹೋಗಿ ಬಸ್ಸಿನ ಬಾಗಿಲು ಎಳೆದಾಡಿದಳು. ಡ್ರೈವರ್ ಅವಳನ್ನು ಅಲ್ಲೇ ಇಳಿಸಿ ಹೋದ.

ದಂಡದ ತೀರ್ಪು ಬಂದ ಮರುವಾರ ಹೊಸದಾಗಿ ಸೇರಿದ್ದ ಹೆಂಗಸೊಬ್ಬಳು ಶೀತಲ ಕೋಣೆಗೆ ಹೋಗಲು ಹೆದರಿ ಬಾಗಿಲಲ್ಲೇ ನಿಂತಳು. ಪಿಕರಿಂಗ್ ನಕ್ಕ.

"ದೆವ್ವ ಗಿವ್ವ ಏನೂ ಇಲ್ಲ, ಹೋಗೆ. ಆ ಸೂಳೆಗೆ ಬಾಗ್ಲು ಬಡಿಯೋಕೂ ನೆಟ್ಟಗೆ ಬರ್ತಿರ್ಲಿಲ್ಲ, ಸತ್ಲು. ನೋಡು, ನಾನೇ ಹೋಗ್ತೀನಿ."

ಅವನು ಒಳಗೆ ಹೋದ. ಡೆನೀಸ್ ಚಾಕು ಕೆಳಗಿಟ್ಟಳು. ಕೈಗವಸು ಬಿಚ್ಚಿದಳು. ಹೋಗಿ ಬಾಗಿಲು ಮುಚ್ಚಿ ಹೊರಗಿನ ಕೊಂಡಿಗೆ ಮೀನು ತೂಗುಹಾಕುವ ಕೊಕ್ಕೆ ಸಿಕ್ಕಿಸಿದಳು. ಒಳಗಿನಿಂದ ಬಡಿತ ಶುರುವಾಯಿತು. ಸಾಲಿನ ಹೆಂಗಸರು ತಲೆಯೆತ್ತಿದರು. ಎಲ್ಲರಿಗಿಂತ ಹಿರಿಯಳಾದ ಎಡ್ನಾ ಮತ್ತೆ ತಲೆ ತಗ್ಗಿಸಿ ಹೇಳಿದಳು:

"ಯಂತ್ರದ ಸದ್ದು ಕಣ್ರೆ. ಕೈ ಆಡ್ಸಿ."

ಹತ್ತೊಂಬತ್ತು ನಿಮಿಷದ ಮೇಲೆ ಡೆನೀಸ್ ತಾನೇ ಕೊಕ್ಕೆ ತೆಗೆದಳು. ತೆರೆದೊಡನೆ ಅವಳು ನೋಡಿದ್ದು ನಡುಗುತ್ತ ಹೊರಬಿದ್ದ ಪಿಕರಿಂಗ್‌ನ ಮುಖವನ್ನಲ್ಲ, ಹೊಸ್ತಿಲ ಬುಡದ ನೆಲವನ್ನು. ಅಲ್ಲಿ ಯಾರೂ ಇರಲಿಲ್ಲ. ಪೊಲೀಸರು ಬರುವವರೆಗೂ ಅವಳು ಅಲ್ಲೇ ಕೂತಿದ್ದಳು.

ತಪ್ಪನ್ನು ಮೊದಲ ದಿನವೇ ಒಪ್ಪಿಕೊಂಡಳು. ಶಿಕ್ಷೆಗೆ ಮುಂಚೆ ವರದಿ ಬರೆಯುವ ಅಧಿಕಾರಿಯೊಬ್ಬ ಅವಳನ್ನು ಕರೆಸಿ ಬಾಲ್ಯ, ಗಂಡ, ಕುಡಿತ ಎಲ್ಲವನ್ನೂ ಕೇಳಿದ. ಕೊನೆಗೆ, "ನಡೆದಿದ್ದರ ಬಗ್ಗೆ ಈಗ ಏನನ್ಸುತ್ತೆ?" ಎಂದ.

"ಬಾಗ್ಲು ತೆಗೀಬೇಕಿತ್ತು," ಎಂದಳು. "ಬಡಿಯೋದು ಕೇಳಿಸ್ತಿತ್ತು. ಕೇಳಿಸ್ಕೊಂಡೂ ತೆಗೀಲಿಲ್ಲ." ಅಷ್ಟು ಹೇಳಿ ಅತ್ತುಬಿಟ್ಟಳು. ಅವನು ಟಿಶ್ಯೂ ಡಬ್ಬಿಯನ್ನು ಅವಳತ್ತ ಸರಿಸಿ ಬರೆದುಕೊಂಡ.

ತೀರ್ಪಿನ ದಿನ ಕೋರ್ಟಿನ ಹಜಾರದಲ್ಲಿ ಅವಳ ವಕೀಲೆ ಟೆಸ್ಸಾ ಕಿವಿಮಾತು ಹೇಳಿದಳು. "ನೋಡಿ, ಮಿಸೆಸ್ ಬ್ಲೆಂಕಿನ್, ಶಿಕ್ಷೆ ಎರಡು ವರ್ಷ ಮೀರದಿದ್ರೆ ಜೈಲಿಗೆ ಕಳಿಸದೆ ಅಮಾನತಲ್ಲಿಡಬಹುದು. ವರದಿ ತುಂಬ ಚೆನ್ನಾಗಿದೆ. ನೀವು ಸುಮ್ನೆ ತಲೆ ತಗ್ಗಿಸಿ ನಿಂತ್ಕೊಳ್ಳಿ, ಸಾಕು."

ಗಾಜಿನ ಕಟಕಟೆಯೊಳಗೆ ಡೆನೀಸ್ ನಿಂತಳು. ಮೇಲಿನ ಸಾಲುಗಳಲ್ಲಿ ಪಾಳಿ ಮುಗಿಸಿ ನೇರ ಬಂದ ಹನ್ನೊಂದು ಹೆಂಗಸರಿದ್ದರು. ಕೆಳಗೆ ಮುಂದಿನ ಸಾಲಿನಲ್ಲಿ ಕೂತಿದ್ದ ಪಿಕರಿಂಗ್‌ನ ಹೇಳಿಕೆ ಓದಲಾಯಿತು. ಅವನಿಗೆ ನಿದ್ದೆ ಬರುವುದಿಲ್ಲವಂತೆ, ಎರಡು ಬೆರಳು ಜೋಮು ಹಿಡಿದಿವೆಯಂತೆ, ಇಂಥ ಪ್ರಾಣಿಗಳ ನಡುವೆ ಕೆಲಸ ಮಾಡುವುದು ಅಪಾಯವಂತೆ.

ನ್ಯಾಯಾಧೀಶರು ಮೆಲುದನಿಯವರು. ಕನ್ನಡಕ ಸರಿಪಡಿಸಿಕೊಂಡು, ದಿನಸಿ ತೂಗಿದಂತೆ ಒಂದೊಂದನ್ನೇ ತೂಗಿದರು. ಕೈಗವಸು ಬಿಚ್ಚಿದ್ದು ಯೋಚನೆ ಮಾಡಿದ್ದರ ಗುರುತು, ಶಿಕ್ಷೆ ಏರುತ್ತದೆ. ಚಳಿಯನ್ನೇ ಆಯುಧ ಮಾಡಿಕೊಂಡದ್ದು, ಇನ್ನಷ್ಟು ಏರುತ್ತದೆ. ಹಿಂದೆ ಒಂದೂ ಅಪರಾಧವಿಲ್ಲ, ಜೊತೆಗೆಲಸದವಳ ಸಾವಿನ ದುಃಖವಿತ್ತು, ಇಳಿಯುತ್ತದೆ. ಮೂರೂವರೆ ವರ್ಷಕ್ಕೆ ಬಂದು ನಿಂತರು.

"ಇದರಲ್ಲಿ ಆರು ತಿಂಗಳನ್ನು ನಾನು ಕಡಿಮೆ ಮಾಡುತ್ತೇನೆ," ಎಂದರು. "ನೀವು ಸಂತ್ರಸ್ತರಾದ ಪಿಕರಿಂಗ್ ಅವರ ಬಡಿತ ಕೇಳಿಯೂ ಬಾಗಿಲು ತೆರೆಯದ್ದಕ್ಕೆ ಕಣ್ಣೀರು ಹಾಕಿದ್ದೀರಿ. ಅದು ನಿಜವಾದ ಪಶ್ಚಾತ್ತಾಪ. ಉಳಿದ ಮೂರು ವರ್ಷದಲ್ಲಿ, ತಪ್ಪೊಪ್ಪಿಗೆಗೆ ಮೂರನೇ ಒಂದು ಭಾಗ ಕಳೆದರೆ ಸರಿಯಾಗಿ ಎರಡು ವರ್ಷ. ಆದ್ದರಿಂದ..."

"ಅದು ಅವ್ನಿಗಲ್ಲ, ಸ್ವಾಮಿ."

ಟೆಸ್ಸಾ ಸರಕ್ಕನೆ ತಿರುಗಿದಳು. "ಮಿಸೆಸ್ ಬ್ಲೆಂಕಿನ್, ದಯವಿಟ್ಟು ಸುಮ್ನಿರಿ."

"ಏನು ಹೇಳಿದಿರಿ?" ಎಂದರು ನ್ಯಾಯಾಧೀಶರು.

"ನಾನು ಅತ್ತಿದ್ದು ಯುರ್ಗಿತಾಗೆ. ಅವ್ಳು ಬಡಿದಾಗ ನಾನು ಮೀನು ಸೀಳ್ತಾ ನಿಂತಿದ್ದೆ. ಹತ್ತು ಹೆಜ್ಜೆ ನಡೆದಿದ್ರೆ ಬದುಕ್ತಿದ್ಲು. ಈ ಬೋಳಿಮಗ ಬೈದ ಅಂತ ನಡೀಲಿಲ್ಲ. ಆ ಅಳುನ ಇವ್ನ ಲೆಕ್ಕಕ್ಕೆ ಬರ್ಕೋಬೇಡಿ. ಆರು ತಿಂಗ್ಳು ವಾಪಸ್ ಹಾಕಿ."

"ನಿಮ್ಮ ವಕೀಲರ ಜೊತೆ ಮಾತಾಡಲು ಹತ್ತು ನಿಮಿಷ ಕೊಡುತ್ತೇನೆ. ಇದರ ಪರಿಣಾಮ ಗೊತ್ತಿದೆಯೇ?"

"ಗೊತ್ತು. ಮಾತಾಡೋದೇನೂ ಇಲ್ಲ."

ಟೆಸ್ಸಾ ಎದ್ದಳು, ಮತ್ತೆ ಕೂತಳು. ನ್ಯಾಯಾಧೀಶರು ಹಾಳೆಯ ಮೇಲೆ ಒಂದು ಗೆರೆ ಎಳೆದರು. ಪೆನ್ನು ಕಾಗದದ ಮೇಲೆ ಗೀರಿದ ಸದ್ದು ಕೇಳಿಸಿತು. ಎಷ್ಟೋ ತಿಂಗಳ ಮೇಲೆ ಡೆನೀಸಳ ಕಿವಿಯಲ್ಲಿ ಬೇರೆ ಸದ್ದಿರಲಿಲ್ಲ. ಅದು ಸಮಾಧಾನವೋ, ಆ ಹುಡುಗಿ ಬಡಿದು ಬಡಿದು ಸಾಕಾಗಿ ಸುಮ್ಮನಾದದ್ದೋ, ಅವಳಿಗೆ ತಿಳಿಯಲಿಲ್ಲ.

"ಮೂರೂವರೆ ವರ್ಷದಲ್ಲಿ ಮೂರನೇ ಒಂದು ಭಾಗ ಕಳೆದು, ಇಪ್ಪತ್ತೆಂಟು ತಿಂಗಳು. ಇಂದಿನಿಂದಲೇ. ಕರೆದೊಯ್ಯಿರಿ."

ಕಾವಲಿನವಳು ಡೆನೀಸಳ ತೋಳು ಹಿಡಿದಳು.

"ಎಲ್ಲರೂ ಎದ್ದು ನಿಲ್ಲಿ," ಎಂದು ಕೋರ್ಟಿನ ಸೇವಕ ಕೂಗಿದ. ನ್ಯಾಯಾಧೀಶರು ಎದ್ದರು. ವಕೀಲರು ಎದ್ದರು, ಗುಮಾಸ್ತ ಎದ್ದ, ಪಿಕರಿಂಗ್ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಎದ್ದ. ಮೇಲಿನ ಸಾಲುಗಳಲ್ಲಿ ಹನ್ನೊಂದು ಹೆಂಗಸರು ಅಲುಗಾಡಲಿಲ್ಲ.

"ಎದ್ದು ನಿಲ್ಲಿ ಅಂದೆ," ಸೇವಕ ಅವರತ್ತ ನೋಡಿ ಮತ್ತೆ ಕೂಗಿದ.

ಎಡ್ನಾ ಮಡಿಲಲ್ಲಿ ಕೈ ಕಟ್ಟಿಕೊಂಡೇ ಹೇಳಿದಳು:

"ಬೆಳಿಗ್ಗೆ ಐದರಿಂದ ಪಾಳಿಲಿ ನಿಂತಿದ್ದು ಸಾಕು ಕಣಪ್ಪ. ಇನ್ನು ಕೂತ್ಕೋತೀವಿ."