ಸಾಕೋ ಹಾಕೋ

“ಬೇಡ ಮೇಡಂ, ಒಳಗಿರೋ ಸ್ಪೀಕರೇ ಸಾಕು,” ಎಂದ ಅಂಗಡಿಯವನು, ಲ್ಯಾಪ್‌ಟಾಪನ್ನು ಅವಳತ್ತ ತಳ್ಳುತ್ತ. “ಸುಮ್ನೆ ಯಾಕೆ ದಂಡ?”

ಮಾರಲು ಕೂತವನೇ ಬೇಡ ಅಂದರೆ ಅದರಲ್ಲಿ ಏನೋ ಹುಳುಕಿದೆ ಎಂದೇ ಲೆಕ್ಕ. ಟೈಪಿಸ್ಟ್ ಅವನ ಮುಖವನ್ನು ದುರುಗುಟ್ಟಿ ನೋಡಿದಳು. ಹೋದ ವರ್ಷ ಈ ಲ್ಯಾಪ್‌ಟಾಪ್ ಮಾರಿದವನು ಇವನೇ. ಈಗ ಬೇರೆ ಸ್ಪೀಕರ್ ಬೇಕು ಅಂದುಬಿಟ್ಟರೆ ಅವತ್ತು ಟೋಪಿ ಹಾಕಿದ್ದನ್ನು ಒಪ್ಪಿಕೊಂಡ ಹಾಗಾಗುತ್ತದಲ್ಲ! ಪಕ್ಕದ ಸ್ಟೂಲಿನಲ್ಲಿ ಅತ್ತೆ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅಂಗಡಿಯವನ ಮಾತಿಗೆಲ್ಲ ತಲೆಯಾಡಿಸುತ್ತಿದ್ದರು. ಸೊಸೆ ಒಬ್ಬಳೇ ಹೋದರೆ ಹೇಳಿದ ಬೆಲೆಗೇ ತಂದುಬಿಡುತ್ತಾಳೆಂದು ಹಟ ಹಿಡಿದು ಬಂದವರು ಅವರು.

“ಸಾಕಾಗಿದ್ರೆ ನಾನ್ಯಾಕೆ ಇಲ್ಲಿಗೆ ಬರ್ತಿದ್ದೆ? ಇದ್ರಲ್ಲಿ ಮಾತು ಸರಿಯಾಗಿ ಕೇಳ್ಸಲ್ಲ. ನನ್ನ ಹೊಟ್ಟೆಪಾಡು ಕಣ್ರೀ ಇದು.”

ಅದಂತೂ ನಿಜ. ವಕೀಲರ ಕಚೇರಿಯಿಂದ ಸಾಕ್ಷಿಗಳ ಹೇಳಿಕೆಯ ರೆಕಾರ್ಡಿಂಗ್ ಬರುತ್ತಿತ್ತು. ಮನೆಯಲ್ಲಿ ಕೂತು ಕೇಳಿ, ಒಂದಕ್ಷರ ಬಿಡದೆ ಟೈಪ್ ಮಾಡಿ ಕಳಿಸುವುದು ಅವಳ ಕೆಲಸ. ಹನ್ನೆರಡು ವರ್ಷದಲ್ಲಿ ಒಂದು ದೀರ್ಘವೂ ಹೆಚ್ಚುಕಡಿಮೆ ಆಗಿರಲಿಲ್ಲ. ಈಚೆಗೆ ಎರಡು ಬಾರಿ ತಪ್ಪಿತು. ಮೂರನೆಯದು ಗೋದಾಮಿನ ಕೇಸು. ಅಟ್ಟ ಕುಸಿದು ಒಬ್ಬನ ಕಾಲು ಹೋಗಿತ್ತು. ‘ಮೇಸ್ತ್ರಿ ಹಾಕು ಅಂದ್ರು, ಅಷ್ಟರಲ್ಲಿ ಅಟ್ಟ ಬಿತ್ತು’ ಎಂದು ಹಮಾಲಿ ಹೇಳಿದನೆಂದು ಅವಳು ಟೈಪ್ ಮಾಡಿದ್ದಳು. ವಕೀಲರು ಎದುರಿಗೆ ಕೂರಿಸಿಕೊಂಡು, “ಹಮಾಲಿ ಹೇಳಿದ್ದು ಮೇಸ್ತ್ರಿ ‘ಸಾಕು’ ಅಂದ್ರು ಅಂತ. ಮೇಸ್ತ್ರಿನ ನೀವೇ ಜೈಲಿಗೆ ಕಳಿಸ್ತಿದ್ರಲ್ಲ! ಇನ್ನೊಂದ್ಸಲ ಹೀಗಾದ್ರೆ ಬೇರೆಯವರನ್ನ ನೋಡ್ಕೋತೀನಿ,” ಎಂದಿದ್ದರು.

ಅಂಗಡಿಯವನು ಅದೇ ರೆಕಾರ್ಡಿಂಗನ್ನು ದನಿ ಪೂರ್ತಿ ಏರಿಸಿ ಕೇಳಿಸಿದ.

“ನೋಡಿ, ‘ಹಾಕು’ ಅಂತಾನೇ ಬರುತ್ತೆ!” ಎಂದಳು ಗೆದ್ದವಳ ಹಾಗೆ.

“ಸಾಕು ಅಂತಾನಲ್ಲೇ,” ಎಂದರು ಅತ್ತೆ, ಕೂತಲ್ಲಿಂದಲೇ.

ಅವಳಿಗೆ ಮೈ ಉರಿಯಿತು. ವಕೀಲರ ಮಾತನ್ನು ಮನೆಯಲ್ಲಿ ಬಾಯಿಬಿಟ್ಟಿದ್ದೇ ತಪ್ಪಾಯಿತು, ಗೊತ್ತಿದ್ದುಕೊಂಡೇ ಹೇಳುತ್ತಿದ್ದಾರೆ. ಆಗಲಿ, ಇವರನ್ನೂ ಒಂದು ಕೈ ನೋಡೋಣವೆಂದು ಬೆಳಗ್ಗೆಯಷ್ಟೇ ಬಂದಿದ್ದ, ತಾನೂ ಕೇಳಿರದ ಇನ್ನೊಂದನ್ನು ಹಚ್ಚಿದಳು. ಯಾರೋ ಹೆಂಗಸು ನಿಧಾನವಾಗಿ ಮಾತಾಡತೊಡಗಿದಳು.

ಅತ್ತೆ ಲೊಚಗುಟ್ಟಿದರು. “ಅಯ್ಯೋ ಪಾಪ!”

“ಯಾಕೆ? ಗಂಡ ಬಸ್ ಹತ್ತಿದ್ದನ್ನ ನೋಡ್ಲಿಲ್ಲ ಅಂತಿದಾಳೆ. ಅದಕ್ಕೇನು ಪಾಪ?”

“ಹತ್ತಿದ್ದಲ್ಲ ಕಣೇ. ಗಂಡ ಬಸ್ಸಲ್ಲಿ ಸತ್ತಿದ್ದು ನೋಡ್ಲಿಲ್ಲ ಅಂತಿದಾಳೆ.”

ಅವಳು ಅಂಗಡಿಯವನತ್ತ ನೋಡಿದಳು. ಅವನು ಅವಳ ಕಣ್ಣು ತಪ್ಪಿಸಿ ಗಾಜಿನ ಮೇಲಿನ ಧೂಳು ಒರೆಸಿದ. ಇಬ್ಬರೂ ಸೇರಿ ಆಟ ಆಡಿಸುತ್ತಿದ್ದಾರೆಯೆ?

“ನಿಮ್ಮಲ್ಲಿರೋದ್ರಲ್ಲಿ ಎಲ್ಲಕ್ಕಿಂತ ಒಳ್ಳೇ ಹೆಡ್‌ಫೋನ್ ಕೊಡಿ,” ಎಂದಳು.

ಅವನು ಕೊಟ್ಟ. ಅವಳು ಕಿವಿಗೆ ಒತ್ತಿ ಹಿಡಿದು ಕಣ್ಣು ಮುಚ್ಚಿದಳು. ದನಿ ಎದೆಗೇ ಬಂದು ಬಡಿಯುವಷ್ಟು ಜೋರಾಗಿತ್ತು, ತುಂಬಿಕೊಂಡಿತ್ತು. ಆ ಹೆಂಗಸು ಮತ್ತೆ ‘ಹತ್ತಿದ್ದು’ ಎಂದಳು. ಹಿಂದಕ್ಕೆ ಸರಿಸಿ ಕೇಳಿದಳು. ಹತ್ತಿದ್ದು. ಮತ್ತೊಮ್ಮೆ. ಹತ್ತಿದ್ದು. ಅಂಗಡಿಯವನನ್ನೂ ಅತ್ತೆಯನ್ನೂ ಅನುಮಾನಿಸುತ್ತಿದ್ದಾಗಲೇ ಎಷ್ಟೋ ಹಾಯಾಗಿತ್ತು. ಈಗ ಅವಳಿಗೆ ಭಯವಾಯಿತು.

ಹೆಡ್‌ಫೋನ್ ಕಳಚಿ ಮೇಜಿನ ಮೇಲಿಟ್ಟಳು. “ಹೇಗಿದೆ ಮೇಡಂ?” ಎಂದ ಅವನು.

“ಚೆನ್ನಾಗಿದೆ. ಆದ್ರೆ ಬೇಡ ಬಿಡಿ. ಒಳಗಿರೋದೇ ಸಾಕು.”

ಅತ್ತೆ ಬೆಲೆಯ ಸುದ್ದಿಯನ್ನೇ ಎತ್ತಲಿಲ್ಲ. ಸೊಸೆಯ ಮುಖವನ್ನೇ ನೋಡುತ್ತ ಚೀಲದ ಹಿಡಿಯನ್ನು ತಿರುಚುತ್ತಿದ್ದರು. ಅಂಗಡಿಯವನು ಹೆಡ್‌ಫೋನನ್ನು ಡಬ್ಬಿಗೆ ಸೇರಿಸಿ, ಬೆನ್ನು ತಿರುಗಿಸಿ, ಮೇಲಿನ ಅರೆಯಲ್ಲಿಡಲು ಕೈ ಚಾಚಿದ. ಅವಳಿಗೆ ಗೋಡೆಯಾಚೆ ಯಾರೋ ಗುನುಗಿದಂತೆ ಕೇಳಿಸಿತು.

“ನಿನ್ನನ್ನೇ ಕೇಳ್ತಿದಾರೆ, ಹೇಳೇ,” ಎಂದರು ಅತ್ತೆ ಮೆಲ್ಲಗೆ, ಅವಳ ಮೊಣಕೈ ಮುಟ್ಟಿ.

ಅವಳು ಅವನ ಕತ್ತಿನ ಹಿಂಭಾಗವನ್ನೇ ನೋಡುತ್ತ ನಿಂತಳು, ಅವನು ಈಚೆ ತಿರುಗಲೆಂದು, ಅವನ ತುಟಿ ಕಾಣಲೆಂದು.