ಒಪ್ಪಿಸುವ ಪತ್ರ

ಗುರುವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ಅಪ್ಪನ ಹೊಲಿಗೆ ಯಂತ್ರ ರಿಪೇರಿಯ ಅಂಗಡಿಗೆ ಬಂದ ಮಗಳು ಅವರ ಹತ್ತಿರ ಚರ್ಚಿನ ಸಭೆ ಬಿಟ್ಟು ಇನ್ನೊಂದು ಸಭೆಗೆ ಸೇರಲು ಬೇಕಾದ ಪತ್ರ ಕೇಳಿದಳು. ಅಪ್ಪ ಹಳೆಯ ಚರ್ಚಿನ ಕಾರ್ಯದರ್ಶಿ. ಆ ಪತ್ರಕ್ಕೆ ಸಹಿ ಹಾಕಬೇಕಾದವರು ಅವರೇ.

ಅವರ ಮುಂದೆ ಮಗುಚಿಟ್ಟ ಒಂದು ಯಂತ್ರವಿತ್ತು. ಒಳಗೆ ಸಿಕ್ಕಿಕೊಂಡಿದ್ದ ನೂಲಿನ ಕಸವನ್ನು ಚಿಮುಟದಿಂದ ಎಳೆಯುತ್ತಿದ್ದ ಕೈ ನಿಂತಿತು.

"ಯಾವ ಸಭೆಗೆ ಅಂತ ಬರೀಬೇಕು?"

"ಗೊತ್ತಿದ್ದೂ ಕೇಳ್ತೀರಲ್ಲಪ್ಪ."

ನಾಲ್ಕು ತಿಂಗಳ ಹಿಂದೆ ಚರ್ಚು ಒಡೆದಿತ್ತು. ಯೇಸುವಿನ ಕೊನೆಯ ಊಟದ ನೆನಪಿಗೆ ಕೊಡುವ ಪ್ರಭುಭೋಜನದ ದ್ರಾಕ್ಷಾರಸವನ್ನು ಎಲ್ಲರೂ ಒಂದೇ ಬಟ್ಟಲಿನಿಂದ ಕುಡಿಯಬೇಕೇ, ತಲೆಗೊಂದು ಸಣ್ಣ ಲೋಟ ಕೊಡಬೇಕೇ ಎಂಬಲ್ಲಿ ಶುರುವಾದ ಮಾತು, ಅದನ್ನು ತೀರ್ಮಾನಿಸುವವರು ಯಾರು ಎಂಬಲ್ಲಿಗೆ ಹೋಗಿ ನಿಂತಿತು. ಬಟ್ಟಲು ಎಂದು ಕೈ ಎತ್ತಿದವರು ಇನ್ನೂರ ಹನ್ನೆರಡು, ಲೋಟ ಎಂದವರು ನೂರ ಎಂಬತ್ತೇಳು. ಸೋತವರು ಪಾಸ್ಟರನ್ನೂ ಕರೆದುಕೊಂಡು ಹೋಗಿ ಒಂದು ಶಾಲೆಯ ಸಭಾಂಗಣದಲ್ಲಿ ಆರಾಧನೆ ನಡೆಸತೊಡಗಿದರು. ಚರ್ಚಿನ ಕಟ್ಟಡ ಯಾರದು ಎಂಬುದು ಕೋರ್ಟಿನಲ್ಲಿತ್ತು. ಹಳೆಯ ಚರ್ಚಿನ ವಾದ ಇಷ್ಟೇ: ಹೋದವರು ಸಭೆಯೇ ಅಲ್ಲ, ಎದ್ದು ಹೋದ ಒಂದಷ್ಟು ಜನ. ಅವರನ್ನು ಸಭೆ ಎಂದು ಕರೆಯುವ ಒಂದು ಚೀಟಿಯೂ ಹೊರಗೆ ಹೋಗಕೂಡದು ಎಂದು ವಕೀಲರು ತಾಕೀತು ಮಾಡಿದ್ದರು.

ಹೋದವರ ಮದುವೆ ಇಲ್ಲಿ ನಡೆಸುವುದಿಲ್ಲ ಎಂಬ ನಿರ್ಣಯವೂ ಆಗಿತ್ತು. ಅದನ್ನು ಬರೆದವರು ಕಾರ್ಯದರ್ಶಿಯೇ. ಮಗಳಿಗೆ ನಿಶ್ಚಯವಾಗಿದ್ದ ಹುಡುಗ ಹೋದವರಲ್ಲಿ ಒಬ್ಬ. ಮದುವೆ ಹತ್ತೊಂಬತ್ತನೇ ತಾರೀಖಿಗೆ. ಇನ್ನು ಹದಿನಾರು ದಿನ.

"ಪತ್ರ ಇಲ್ಲದೆ ಅಲ್ಲಿಗೆ ಹೋದ್ರೆ?" ಎಂದರು ಅಪ್ಪ.

"ಹೊಸಬಳು ಅಂತ ಆಗತ್ತೆ. ಆರು ತಿಂಗಳು ಪಾಠಕ್ಕೆ ಕೂತು ಆಮೇಲೆ ಮದುವೆ. ಪಾಸ್ಟರು ಕಡ್ಡಿ ಮುರಿದ ಹಾಗೆ ಹೇಳಿಬಿಟ್ರು."

"ಅವರು ಇದನ್ನ ಕೇಳ್ತಿರೋದು ಮದುವೆಗಾ, ಕೋರ್ಟಿಗಾ?"

"ಎರಡಕ್ಕೂ ಇರಬಹುದು. ನಾನು ಕೇಳ್ತಿರೋದು ಮದುವೆಗೆ."

ಮೂಲೆಯಲ್ಲಿ ರಿಪೇರಿಯಾದ ಯಂತ್ರಕ್ಕೆ ಬಟ್ಟೆಯ ಚೂರು ಕೊಟ್ಟು ಹೊಲಿದು ನೋಡುತ್ತಿದ್ದ ತಾಯಿ ತುಳಿಯುವುದನ್ನು ನಿಲ್ಲಿಸಿದರು.

"ಮನೇಲಿ ನಾನು ಒಂದ್ಸಲ ಸೀನಿದ್ರೆ ನನ್ನ ಲೋಟ ದೂರ ಇಡ್ತೀರ. ಅಲ್ಲಿ ಹೋಗಿ ಒಂದೇ ಬಟ್ಟಲು ಅಂತ ಕೈ ಎತ್ತಿದ್ರಿ."

"ನೀನೂ ಎತ್ತಿದ್ದೆ."

"ನಿಮ್ಮ ಪಕ್ಕದಲ್ಲಿ ಕೂತಿದ್ನಲ್ಲ ರೀ. ಕೈ ತಾನಾಗೇ ಮೇಲೆ ಹೋಯ್ತು."

ಕಾರ್ಯದರ್ಶಿ ಚರ್ಚಿನ ಅಧ್ಯಕ್ಷರಿಗೆ ಫೋನ್ ಮಾಡಿದರು. "ಆರು ತಿಂಗಳು ತಾನೇ, ಕಾಯಲಿ ಬಿಡಿ. ನಿಮ್ಮ ಸಹಿ ಬಿತ್ತೋ, ನಮ್ಮ ಕೇಸು ಮುಗೀತು," ಎಂದು ಅತ್ತಲಿಂದ ಬಂದ ಮಾತು ಅಂಗಡಿಯಲ್ಲಿದ್ದ ಮೂವರಿಗೂ ಕೇಳಿಸಿತು.

ಅವರು ಖಾನೆಯಿಂದ ಪತ್ರದ ಪುಸ್ತಕ ತೆಗೆದರು. ಪ್ರತಿ ಹಾಳೆಯ ಮೇಲೂ ಒಂದೇ ಒಕ್ಕಣೆ ಅಚ್ಚಾಗಿತ್ತು: 'ಇವರು ನಮ್ಮಲ್ಲಿ ಒಳ್ಳೆಯ ಹೆಸರಿರುವ ಸದಸ್ಯರು. ಇವರನ್ನು ........ ಸಭೆಗೆ ಪ್ರೀತಿಯಿಂದ ಒಪ್ಪಿಸಿದ್ದೇವೆ.'

"ಈ ಜಾಗ ಖಾಲಿ ಬಿಟ್ಟು ಸಹಿ ಹಾಕ್ಲಾ?"

"ತಗೊಳ್ಳಲ್ಲ. ಕೇಳಿದೀನಿ."

"ಸಭೆ ಅನ್ನೋದನ್ನ ಹೊಡೆದುಹಾಕಿ ಕೂಟ ಅಂತ ಬರೆದ್ರೆ?"

"ಕೂಟಕ್ಕೆ ಹೋಗೋಕೆ ಪತ್ರ ಯಾಕಪ್ಪ ಬೇಕು?"

ಅವರು ಪುಸ್ತಕವನ್ನು ಅರ್ಧ ಮುಚ್ಚಿದರು. ಬಳಿಕ, "ಹೋದ ಭಾನುವಾರ ಅಲ್ಲಿ ಪ್ರಭುಭೋಜನ ಇತ್ತಾ?" ಎಂದರು.

"ಇತ್ತು. ಹಿಂದೆ ಕೂತು ನೋಡಿದೆ."

"ಲೋಟದಲ್ಲಿ."

"ಲೋಟ ಸಾಲಲಿಲ್ಲ. ಕೊನೇ ಎರಡು ಸಾಲಿನವರು ಒಂದೇ ಬಟ್ಟಲಲ್ಲಿ ಕುಡಿದ್ರು."

"ಯಾರೂ ಏನೂ ಅನ್ಲಿಲ್ವಾ?"

"ಇಲ್ಲ. ಕುಡಿದು ಪಕ್ಕದವರಿಗೆ ಕೊಟ್ರು, ಅಷ್ಟೇ."

ತಾಯಿ ಬಟ್ಟೆಯ ಚೂರನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ಕಾರ್ಯದರ್ಶಿ ನಗಲಿಲ್ಲ. ಎದ್ದು ಹಿತ್ತಲ ನಲ್ಲಿಯಲ್ಲಿ ಸೋಪು ಹಚ್ಚಿ ಎಣ್ಣೆಯ ಕೈ ತೊಳೆದು ಬಂದರು. ಮಗಳ ಹೆಸರು ಬರೆದರು. ಅವಳಿಗೆ ದೀಕ್ಷಾಸ್ನಾನವಾದ ತಾರೀಖನ್ನು ಯಾವ ಪುಸ್ತಕವನ್ನೂ ತೆರೆಯದೆ ಬರೆದರು. ಖಾಲಿ ಜಾಗದಲ್ಲಿ 'ಶಾಲಾ ಸಭಾಂಗಣದಲ್ಲಿ ಕೂಡುವ' ಎಂದು ತುಂಬಿಸಿದರು. ಮುಂದೆ ಅಚ್ಚಾಗಿದ್ದ 'ಸಭೆಗೆ' ಎಂಬ ಪದವನ್ನು ಹೊಡೆದುಹಾಕಲಿಲ್ಲ. ಸಹಿ ಹಾಕಿ ಮೊಹರು ಒತ್ತಿದರು.

"ಜೆರಾಕ್ಸ್ ಮಾಡಿಸಿ ಇಟ್ಕೋ. ಕಳ್ಕೊಂಡ್ರೆ ಇನ್ನೊಂದು ಕೊಡೋಕೆ ನಾನಿರಲ್ಲ."

"ಬಿಡ್ತು ಅನ್ನಿ!" ಎಂದರು ತಾಯಿ.

"ಕಾರ್ಯದರ್ಶಿಯಾಗಿ ಇರಲ್ಲ ಅಂದೆ ಕಣೇ."

ಅಂದು ಸಂಜೆಯೇ ಅವರು ಪತ್ರದ ಪುಸ್ತಕ, ಮೊಹರು ಮತ್ತು ರಾಜೀನಾಮೆಯನ್ನು ಅಧ್ಯಕ್ಷರ ಮನೆಗೆ ಮುಟ್ಟಿಸಿದರು. ಮದುವೆ ಹತ್ತೊಂಬತ್ತರಂದು ನಡೆಯಿತು.

ಮರು ತಿಂಗಳ ನಾಲ್ಕರಂದು ಆ ಪತ್ರ ಕೋರ್ಟಿಗೆ ಬಂತು. ಸಹಿ ನಿಮ್ಮದೇ ಅಲ್ಲವೇ ಎಂದು ಹೋದವರ ಕಡೆಯ ವಕೀಲರು ಸಾಕ್ಷಿಗೆ ನಿಂತಿದ್ದ ಅಪ್ಪನನ್ನು ಕೇಳಿದರು. ಹೌದು ಎಂದರು. ಯಾರಾದರೂ ಒತ್ತಾಯ ಮಾಡಿದ್ದರೇ ಎಂದು ಹಳೆಯ ಚರ್ಚಿನ ವಕೀಲರು ಕೇಳಿದರು. ಇಲ್ಲ ಎಂದರು. ಹಾಗಾದರೆ ಹೋದವರು ಸಭೆ ಎಂದು ಒಪ್ಪುತ್ತೀರಾ ಎಂದು ಅವರೇ ಮತ್ತೆ ಕೇಳಿದಾಗ, ಬರೆದಿರುವುದನ್ನು ಓದಿಸಿ ಎಂದರು. ಗುಮಾಸ್ತ ಎದ್ದು ನಿಂತು ಪತ್ರವನ್ನು ಮೊದಲಿನಿಂದ, 'ಶಾಲಾ ಸಭಾಂಗಣದಲ್ಲಿ ಕೂಡುವ ಸಭೆಗೆ ಪ್ರೀತಿಯಿಂದ ಒಪ್ಪಿಸಿದ್ದೇವೆ' ಎಂಬ ಕೊನೆಯವರೆಗೆ ಓದಿದ.